ಬೆಸುಗೆಯ ವಾಸನೆ

ನಾಲತವಾಡದಿಂದ ಹೆಣ್ಣು ನೋಡಲು ಬಂದ ಹುಡುಗನ ತಾಯಿ ಸಿಂದಗಿಯ ಗುರವ್ವನ ಪಡಸಾಲೆಯಲ್ಲಿ ಕೂತವರೇ ಸೆರಗನ್ನು ಮೂಗಿಗೆ ಒತ್ತಿಕೊಂಡರು. "ಅಕ್ಕಾರ, ನಿಮ್ಮ ಗ್ಯಾಸ್ ಸೋರಾಕತ್ತೈತೇನ್ರಿ?"

ಗ್ಯಾಸಲ್ಲ, ಪುಣೆಯ ಲ್ಯಾಬಿನಿಂದ ನಿನ್ನೆ ಬಂದಿಳಿದ ಮಗಳ ಜಡೆ. ಗುರವ್ವ ಸೀಗೆಕಾಯಿ, ಶಾಂಪೂ, ಕೊನೆಗೆ ಲಿಂಬೆಹಣ್ಣು ಹಚ್ಚಿ ತಿಕ್ಕಿದರೂ ಹೋಗಿರಲಿಲ್ಲ. ಎರಡು ಸಂಬಂಧ ಇದೇ ವಾಸನೆಗೆ ಮುರಿದು ಬಿದ್ದಿದ್ದವು. ಮೂರನೆಯದಾದರೂ ಉಳಿಯಲೆಂದು, "ಹೌದ್ರಿ, ಸೋರಾಕತ್ತೈತಿ" ಎಂದುಬಿಟ್ಟಳು.

ಅಂದದ್ದೇ ತಡ, ಬಂದವರೆಲ್ಲ ಎದ್ದೋಡಿ ಹೊರಗೆ ಬೇವಿನ ಮರದಡಿ ನಿಂತರು. ಒಗ್ಗರಣೆ ಹಾಕಿ ಸುಸಲಾ ಮಾಡಲೆಂದು ತೋಯಿಸಿಟ್ಟ ಚುರಮರಿ ಒಲೆ ಕಾಣದೆ ಮುದ್ದೆಯಾಯಿತು. ಯಾರೋ ಫೋನ್ ಮಾಡಿದ್ದಕ್ಕೆ ಗ್ಯಾಸ್ ಏಜೆನ್ಸಿಯ ಮಾಳಿಂಗ ಬಂದ. ಪೈಪಿಗೆಲ್ಲ ಸೋಪಿನ ನೊರೆ ಬಳಿದು ನೋಡಿ, ಹೊರಬಂದು ಸಾರಿದ: "ಒಂದು ಗುಳ್ಳಿನೂ ಏಳವಲ್ದು. ಮೊದಲ ನಿಮ್ಮ ಮೂಗು ತಪಾಸ ಮಾಡಸ್ರಿ, ಗುರವ್ವಕ್ಕಾರ."

"ಸಿಲಿಂಡರ್ ಬಿಡ್ರಿ, ಮಾಳಿಂಗಣ್ಣ. ನನ್ನ ತಲಿ ಅದು," ಎಂದಳು ಬಾಗಿಲಿಗೆ ಬಂದ ಮಗಳು ವಿಜಯಲಕ್ಷ್ಮಿ.

ಹುಡುಗನ ತಾಯಿ ಗುರವ್ವನತ್ತ ತಿರುಗಿದರು. ಗುರವ್ವ ಬೇವಿನ ಎಲೆ ನೋಡತೊಡಗಿದಳು.

ವಿಜಯಲಕ್ಷ್ಮಿಯೇ ತನ್ನ ಲ್ಯಾಬಿನ ಕೆಲಸ ಬಿಡಿಸಿ ಹೇಳಿದಳು: "ಉದ್ದನ ಪ್ರೋಟೀನ್ ಒಮ್ಮಿಗೇ ಕಟ್ಟಾಕ ಹ್ವಾದ್ರ ನಡುವ ಕೆಡ್ತೈತ್ರಿ. ಅದಕ್ಕ ತುಂಡು ತುಂಡು ಮಾಡಿ ಜೋಡಸ್ತೀವಿ. ಜೋಡಿಸಾಕ ಗಂಧಕದ್ದೊಂದು ರಸಾಯನ ಹಾಕ್ತೀವಿ. ಗ್ಯಾಸಿಗೆ ಹಾಕೂ ವಾಸನಿನೂ ಅದರ ಬಳಗದ್ದೇ. ಎರಡು ತುಂಡು ಕೂಡಿಸಿ ಆ ರಸಾಯನ ತಾ ಹೊರಗ ಬರ್ತೈತಿ. ಬೆಸಗಿ ಎಲ್ಲಿ ಬಿತ್ತು ಅಂತ ಹುಡುಕಿದ್ರೂ ಸಿಗೂದಿಲ್ಲ."

"ಹೊರಗ ಬಂದದ್ದು ಎಲ್ಲಿ ಹೋಗ್ತೈತೆವಾ?" ಎಂದರು ಹುಡುಗನ ತಾಯಿ.

"ನನ್ನ ಕೂದಲಕ್ರಿ."

"ಲಗ್ನ ಆದಮ್ಯಾಲ ಈ ಕೆಲಸ ಬಿಡ್ತೀಯಲಾ?"

"ಇಲ್ರಿ."

ಮೂರನೆಯದೂ ಹೋಯಿತು ಎಂದುಕೊಂಡ ಗುರವ್ವ, "ಚಾ ಆದ್ರೂ ಕುಡದ್ಹೋಗ್ರಿ, ಒಳಗ ಬರ್ರಿ" ಎಂದಳು. ಯಾರೂ ಹೆಜ್ಜೆ ಕೀಳಲಿಲ್ಲ. ಸೋರಿಕೆ ಇಲ್ಲ ಎಂದು ಸಾರಿದ ಮಾಳಿಂಗನೇ ಚೀಲ ಎತ್ತಿಕೊಂಡು ಒಂದು ಹೆಜ್ಜೆ ಹಿಂದಕ್ಕೆ ಸರಿದ.

ಬಂದಾಗಿನಿಂದ ತುಟಿ ಬಿಚ್ಚದ ಹುಡುಗ ಸಿದ್ದಾರೂಢ ಚಪ್ಪಲಿ ಕಳಚಿದ. "ಕಡ್ಡಿಪೆಟ್ಟಿಗಿ ಎಲ್ಲೈತ್ರಿ?" ಎಂದು ಕೇಳುತ್ತ ವಿಜಯಲಕ್ಷ್ಮಿಯ ಹಿಂದೆಯೇ ಅಡುಗೆಮನೆಗೆ ನಡೆದ. ಹೆಣ್ಣು ನೋಡಲು ಬಂದ ಗಂಡು ಒಲೆ ಹೊತ್ತಿಸಲು ಹೋದದ್ದು ಆ ಓಣಿಯಲ್ಲಿ ಯಾರೂ ಕಂಡದ್ದಲ್ಲ.

ಒಳಗೆ ಕಡ್ಡಿ ಗೀರಿದ ಸದ್ದಾಯಿತು. ಅಷ್ಟು ಹೊತ್ತು ಮೂಗು ಹಿಡಿದುಕೊಂಡಿದ್ದ ತಾಯಿ ಸೆರಗು ಬಿಟ್ಟು, ಎರಡೂ ಕಿವಿ ಮುಚ್ಚಿಕೊಂಡರು.