ಮೂಕಿ ಭಾರ

ಈ ಸಲವೂ ಕಾಲು ಕೆಸರು ಮುಟ್ಟಿದರೆ ರಕ್ಷಣಾ ತಂಡದಲ್ಲಿ ಮುಳುಗುಗಾರ್ತಿಯ ಕೆಲಸ ವಿನುತಾಳ ಕೈತಪ್ಪುತ್ತದೆ. ಹುಣಸೂರು ಹತ್ತಿರದ ಹಳೇ ಕ್ವಾರಿಯ ತಿಳಿನೀರಿನಲ್ಲಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಹೊತ್ತು, ತಳ ಮುಟ್ಟದೆ ಒಂದು ನಿಮಿಷ ಬೋರಲು ಮಲಗಿದಂತೆ ತೇಲಬೇಕು. ಎರಡು ಸಲವೂ ಕಾಲು ಇಳಿದು ನೀರೆಲ್ಲ ರಾಡಿಯಾಗಿತ್ತು.

"ಮುಳುಗೋಕೆ ಸೊಂಟಕ್ಕೆ ಕಟ್ಟಿರೋ ಸೀಸ ಸ್ವಲ್ಪ ತೆಗೀಲಾ ಸಾರ್?"

"ತೆಗೆದ್ರೆ ಬೆಂಡಿನ ಥರ ಮೇಲೆ ಬರ್ತೀಯ. ಲಾಸ್ಟ್ ಚಾನ್ಸ್," ಎಂದ ತರಬೇತುದಾರ ಪೊನ್ನಪ್ಪ.

ಬಂಡೆಯ ಮೇಲಿಂದ ಎತ್ತಿನಗಾಡಿ ಹೊಡೆಯುವ ಅವಳಪ್ಪ ನಂಜಯ್ಯ ಕೂಗಿದ: "ಮೂಕಿ ಎದ್ದೈತೆ ಕಣವ್ವ! ಗಾಡಿ ಹಿಂದ್ಗಡೆ ಮೂಟೆ ಒಟ್ಟಿದ್ರೆ ಮುಂದ್ಗಡೆ ಮೂಕಿಮರ ನೊಗದ ಸಮೇತ ಮ್ಯಾಲಕ್ಕೇಳಲ್ವಾ? ಇಳಿಸ್ಬ್ಯಾಡ, ಎಲ್ಡು ಮೂಟೆ ಮುಂದಕ್ಕಾಕು!"

"ಮೂಕಿ ಎದ್ದೈತಂತೆ!" ಪೊನ್ನಪ್ಪ ಅದೇ ದನಿಯಲ್ಲಿ ಅಣಕಿಸಿದ. "ಯಜಮಾನ್ರೇ, ಎತ್ತೆಲ್ಲಿ?"

ವಿನುತಾ ನಗಲಿಲ್ಲ. ಸೊಂಟದಿಂದ ಎರಡು ಸೀಸದ ತುಂಡು ಬಿಚ್ಚಿ, ಸಿಲಿಂಡರಿನ ಪಟ್ಟಿಗೆ, ಭುಜದ ಹತ್ತಿರ ಕಟ್ಟಿಸಿಕೊಂಡು ಮುಳುಗಿದಳು. ಉಸಿರು ಬಿಟ್ಟಳು. ಕಾಲು ಮತ್ತೆ ಇಳಿಯತೊಡಗಿತು. ನಂಜಯ್ಯ ಹಗ್ಗ ಹಿಡಿದವನಂತೆ ಮುಷ್ಟಿ ಬಿಗಿದ. ಕೆಸರಿಗೆ ಗೇಣಿರುವಾಗ ಕಾಲು ನಿಂತಿತು. ಆಮೇಲೆ ಮೆಲ್ಲಗೆ ಎದ್ದು ಬೆನ್ನಿನ ಸಮಕ್ಕೆ ಬಂತು.

ಗಡಿಯಾರ ನೋಡುತ್ತಿದ್ದ ಪೊನ್ನಪ್ಪನ ಬಾಯಲ್ಲಿ ಅಣಕವಿರಲಿಲ್ಲ. ಅವನು "ಅರವತ್ತು" ಎಂದಾಗ ಅವಳ ಕೆಳಗೆ ಒಂದು ಏಡಿ ನಡೆದು ಹೋಗುತ್ತಿತ್ತು. ಕೆಸರಿನಲ್ಲಿ ಅದರ ಹೆಜ್ಜೆಗಳೂ ಬಂಡೆಯ ಮೇಲಿಂದ ಕಾಣುತ್ತಿದ್ದವು.