ಗೇಟಿನಾಚೆ ತೆಗೆದ ಪಟ

"ಕ್ಯಾಮರಾ ಒಳಗೆ ತಂದವನನ್ನೇ ಒಳಗೆ ಹಾಕುತ್ತೇನೆ" ಎಂದು ಮಂಡ್ಯದ ಜಡ್ಜಿಯವರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಪತ್ರಿಕೆಯವರು ಬೆಂಚಿನ ಮೇಲೆ ಕೂತು ಬರೆದುಕೊಳ್ಳಬಹುದು, ಪಟ ಮಾತ್ರ ತೆಗೆಯುವಂತಿಲ್ಲ. ಸಾಕ್ಷಿಗಳು ಆರೋಪಿಯನ್ನು ಗುರುತಿಸುವ ತನಕ ಅವನ ಮುಖ ಯಾವ ಪತ್ರಿಕೆಯಲ್ಲೂ ಅಚ್ಚಾಗಕೂಡದು.

ಗೇಟಿನ ಆಚೆ ನಿಂತಿದ್ದ ರೇವಣ್ಣ ಈ ಅಪ್ಪಣೆ ಕೇಳಿ ನಕ್ಕ. ಮದ್ದೂರು ಸ್ಟೇಷನ್ನಿನ ಎದುರು ಅವನದೊಂದು ಸ್ಟುಡಿಯೋ. ಯುದ್ಧದ ಕಾಲ, ಮದುವೆ ಪಟಕ್ಕೂ ಫಿಲ್ಮು ಸಿಗದು. ಅಂಥದ್ದರಲ್ಲಿ ಮೈಸೂರಿನ ಪತ್ರಿಕೆಯೊಂದು ಕರೆದು ಕೆಲಸ ಕೊಟ್ಟಿತ್ತು. ಕೋರ್ಟು ಜಡ್ಜಿಯದು, ರಸ್ತೆ ಮಹಾರಾಜರದು. ರಸ್ತೆಯಲ್ಲಿ ನಿಂತವನನ್ನು ಯಾರು ಕೇಳಬೇಕು?

ಕೇಸು ಕೊಲೆಯದು. ಕಬ್ಬಿಗೆ ನೀರು ಬಿಡುವ ಜಗಳದಲ್ಲಿ, ನಾಲೆಯ ತೂಬಿನ ಹತ್ತಿರ, ನೀರು ಹಂಚುವ ನೀರುಗಂಟಿ ನಾಗಯ್ಯನ ತಲೆಗೆ ಮುಸ್ಸಂಜೆಯಲ್ಲಿ ಗುದ್ದಲಿ ಬಿದ್ದಿತ್ತು. ಆಗ ಅವನೊಡನೆ ಜಗಳಕ್ಕೆ ನಿಂತಿದ್ದವರು ಇಬ್ಬರು. ಒಬ್ಬ ದೊಡ್ಡತಾಯಮ್ಮನ ಮಗ ಚಲುವರಾಜು. ಇನ್ನೊಬ್ಬ ಅವಳೇ ಸಾಕಿದ, ಸತ್ತ ತಂಗಿಯ ಮಗ ಸಿದ್ದರಾಜು. ಒಂದೇ ವಯಸ್ಸು, ಒಂದೇ ಮೈಕಟ್ಟು. ಹೊಡೆದವನು ಒಬ್ಬನೇ ಎಂಬುದನ್ನು ಎಲ್ಲರೂ ಒಪ್ಪುತ್ತಿದ್ದರು. "ನಾನಲ್ಲ, ಅವನು" ಎಂದಿದ್ದ ಚಲುವರಾಜು. ಸಿದ್ದರಾಜು ತುಟಿ ಬಿಚ್ಚಿರಲಿಲ್ಲ. ಮಾಡಿದವನೇ ಸುಮ್ಮನಿರುವುದು ಎಂದು ಊರು ಆಗಲೇ ತೀರ್ಪು ಕೊಟ್ಟಾಗಿತ್ತು. ಇನ್ನು ದೂರದ ಗದ್ದೆಯಿಂದ ನೋಡಿದೆವು ಎನ್ನುವ ಬೇರೆ ಊರಿನ ಸಾಕ್ಷಿಗಳು ಯಾರತ್ತ ಬೆರಳು ತೋರಿಸುತ್ತಾರೋ ಅವನಿಗೆ ನೇಣು, ಇನ್ನೊಬ್ಬ ಮನೆಗೆ.

ಹಿಂದಿನ ದಿನ ದೊಡ್ಡತಾಯಮ್ಮ ಸ್ಟುಡಿಯೋ ಹುಡುಕಿಕೊಂಡು ಬಂದಿದ್ದಳು.

"ಪೇಪರ್‌ನೋರ್ಗೆ ಪಟ ತೆಗಿಯೋನು ನೀನೇನಪ್ಪಾ?"

"ಹೂಂ ಕಣವ್ವ."

"ಪೇಪರ್ನಲ್ಲಿ ಬಂದ್ರೆ ಎಲ್ರೂ ನೋಡ್ತಾರಾ? ಸಾಕ್ಸಿ ಏಳೋರೂವೆ?"

"ಓದೋಕ್ ಬರ್ದೋರೂ ನೋಡ್ತಾರೆ. ಪಟ ನೋಡೋಕೆ ಅಕ್ಸರ ಬೇಕಾ?"

ಅವಳ ಮುಖ ಕಪ್ಪಿಟ್ಟಿತು. ಪಟ ತೆಗೆಸಿಕೊಂಡರೆ ಆಯಸ್ಸು ಕಡಿಮೆಯಾಗುತ್ತದೆ ಎಂಬ ಹಳ್ಳಿಯವರ ಭಯ ಅವನಿಗೆ ಹೊಸದೇನಲ್ಲ.

"ನಾಳೀಕೆ ಎಲ್ ನಿಂತ್ಕತೀಯೆ?" ಎಂದು ಕೇಳಿದಳು.

"ಗೇಟಿನ ಮುಂದೆ."

ಮಕ್ಕಳನ್ನು ಬೇರೆ ದಾರಿಯಿಂದ ಕರೆತರುವಂತೆ ಪೊಲೀಸರ ಕಾಲು ಹಿಡಿಯುತ್ತಾಳೇನೋ ಎಂದುಕೊಂಡ. ಪಾಪ, ಅವಳ ಮಾತು ಯಾರು ಕೇಳುತ್ತಾರೆ?

ಈಗ ಇಬ್ಬರನ್ನೂ ಅದೇ ದಾರಿಯಲ್ಲಿ ನಡೆಸಿಕೊಂಡು ಬಂದರು. ಕೈಗೆ ಕೋಳ, ಮುಖದ ಮೇಲೆ ಟವೆಲು. ರೇವಣ್ಣ ಕ್ಯಾಮರಾ ಇಳಿಸಿದ. ಟವೆಲಿನ ಪಟ ಯಾವ ಪತ್ರಿಕೆಗೆ ಬೇಕು?

ಅಷ್ಟರಲ್ಲಿ ದೊಡ್ಡತಾಯಮ್ಮ ಜನರನ್ನು ಸೀಳಿಕೊಂಡು ನುಗ್ಗಿದಳು. ಪಕ್ಕದಲ್ಲೇ ಇದ್ದ ಸಿದ್ದರಾಜುವಿನತ್ತ ಕಣ್ಣೆತ್ತಿಯೂ ನೋಡದೆ ಚಲುವರಾಜುವಿನ ಕೊರಳಿಗೆ ಬಿದ್ದು ಗೊಳೋ ಎಂದು ಅತ್ತಳು. ಟವೆಲು ಕಿತ್ತಳು. ಸೆರಗಿನಿಂದ ಅವನ ಬೆವರು ಒರೆಸಿದಳು. ಎರಡೂ ಕೈಯಲ್ಲಿ ಗಲ್ಲ ಹಿಡಿದು ಮುಖ ಮೇಲೆತ್ತಿದಳು. ಎಷ್ಟು ಸಾಕಿದರೇನು, ಹೆತ್ತ ಕರುಳೇ ಬೇರೆ ಎಂದುಕೊಂಡು ರೇವಣ್ಣ ಕ್ಯಾಮರಾ ಒತ್ತಿದ.

ಮೊದಲ ದಿನ ವಕೀಲರ ಮಾತಿನಲ್ಲೇ ಮುಗಿಯಿತು. ಮರುದಿನ ಪತ್ರಿಕೆಯಲ್ಲಿ ಅಂಗೈಯಗಲದ ಪಟ ಬಂತು, ಕೆಳಗೆ "ಕೊಲೆಯ ಆರೋಪಿ, ಕಂಗೆಟ್ಟ ತಾಯಿ" ಎಂದು. ಜಡ್ಜಿಯವರು ಕೆಂಡವಾದರು. ಸಂಪಾದಕರು ಕೈ ಮುಗಿದು ಕ್ಷಮೆ ಕೇಳಿದರು. ಪೇಪರು ನೋಡಿದ್ದೀರಾ ಎಂದರೆ ಸಾಕ್ಷಿಗಳು, "ನಮ್ಗೆ ಓದು ಬರಾಕಿಲ್ಲ ಬುದ್ದಿ" ಎಂದು ಪ್ರಮಾಣ ಮಾಡಿದರು. ಬಂದವರೆಲ್ಲ ಬೆರಳು ತೋರಿಸಿದ್ದು ಚಲುವರಾಜುವಿನತ್ತ. ಅವನಿಗೆ ಗಲ್ಲು ಶಿಕ್ಷೆಯಾಯಿತು, ಸಿದ್ದರಾಜು ಬಿಡುಗಡೆಯಾದ. ತೀರ್ಪು ಕೇಳಿದ ದೊಡ್ಡತಾಯಮ್ಮ ಅಳಲಿಲ್ಲ.

ಸ್ವಲ್ಪ ದಿನದ ಮೇಲೆ ಮದ್ದೂರಿನ ಹೋಟೆಲಿನಲ್ಲಿ ಆ ಸಾಕ್ಷಿಗಳಲ್ಲೊಬ್ಬ, ಕರಿಸಿದ್ದಯ್ಯ, ವಡೆ ತಿನ್ನುತ್ತಾ ರೇವಣ್ಣನ ಬೆನ್ನು ತಟ್ಟಿದ.

"ನಿನ್ ಪಟ ನಮ್ಮಾನ ಉಳುಸ್ತು ಕಣ್ಲಾ. ಆ ಮಬ್ಬಲ್ಲಿ ಯಾವನ್ ಮಖ ಕಂಡದು? ಪಟದಲ್ಲಿದ್ದೋನ್ನೇ ತೋರುಸ್ಬುಟ್ಟೋ."

ರೇವಣ್ಣ ತಟ್ಟೆ ಪಕ್ಕಕ್ಕೆ ಸರಿಸಿದ. ಜಡ್ಜಿಯ ಅಪ್ಪಣೆ ಯಾಕಿತ್ತೆಂದು ಈಗ ತಿಳಿಯಿತು. ಬುದ್ಧಿವಂತಿಕೆ ತೋರಿಸಲು ಹೋಗಿ ಒಬ್ಬ ಅಮಾಯಕನ ಕೊರಳಿಗೆ ಹಗ್ಗ ಬಿಗಿದಿದ್ದ. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಮಳವಳ್ಳಿ ಬಸ್ಸು ಹತ್ತಿ ಅವಳ ಊರಿಗೆ ಹೋದ.

ಸಿದ್ದರಾಜು ಕೊಟ್ಟಿಗೆಯಲ್ಲಿ ಹುಲ್ಲು ಹಾಕುತ್ತಿದ್ದ. ರೇವಣ್ಣನನ್ನು ಕಂಡವನೇ ತಲೆ ತಗ್ಗಿಸಿ ಹಿತ್ತಲಿಗೆ ಹೋದ. ಕೊಲೆಗಾರ ಎಷ್ಟು ನೆಮ್ಮದಿಯಾಗಿದ್ದಾನೆ ಎಂದು ರೇವಣ್ಣನ ಮೈ ಉರಿಯಿತು.

"ಅವ್ವಾ, ಅಪೀಲು ಬಾಕಿ ಐತೆ" ಎಂದ. "ಸಾಕ್ಸಿಗಳು ಏನೂ ಕಂಡಿಲ್ಲ, ನನ್ ಪಟ ನೋಡಿ ಏಳವ್ರೆ. ನಾನೇ ಬಂದು ಕೋರ್ಟ್ನಲ್ಲಿ ಏಳ್ತೀನಿ. ನನ್ನ ಜೈಲಿಗಾಕುದ್ರೂ ಸರಿ, ನಿನ್ ಮಗ ಉಳೀತಾನೆ."

ಅವಳ ಕಣ್ಣಲ್ಲಿ ಒಮ್ಮೆ ಆಸೆ ಮೂಡಿತು, ನಂತರ ಆರಿತು.

"ಬ್ಯಾಡ ಕಣಪ್ಪ, ಬುಟ್ಬುಡು."

"ಯಾಕವ್ವಾ? ಮಾಡ್ದೋನು ಇಲ್ಲೇ ಓಡಾಡ್ಕಂಡವ್ನಲ್ಲ!"

"ಮಾಡ್ದೋನು ನನ್ ಮಗನೇ. ಬುತ್ತಿ ತಕ್ಕಂಡು ತೂಬಿನ್ತಾವ್ಕೆ ಓಗಿದ್ದೆ, ನನ್ ಕಣ್ಣಾರೆ ಕಂಡೆ. ಉಣ್ಣಕ್ಕಿಕ್ಕಿದ ಮನೆ ಅಂತ ಆ ತಬ್ಲಿ ಬಾಯ್ಬುಡ್ನಿಲ್ಲ. ಎತ್ತೋಳು ಜಡ್ಜಿ ಮುಂದೆ ನಿಂತ್ಕಂಡು ಎಂಗಪ್ಪಾ ಏಳ್ಲಿ? ಅದ್ಕೇ ಅವನ್ ಮಖ ಒರ್ಸಿ, ನಿನ್ ಮುಂದೆ ಎತ್ತಿ ಇಡ್ದೆ."