ಐದು ಹೂವು

"ರಕ್ತ ನಿಂತಿದ್ಯಲ್ಲ ಮಾರಾಯ್ತಿ, ಈಗ್ಯಾಕೆ ಕೆದಕ್ತೀಯಾ? ಒಳಗೇನು ನಿಧಿ ಇದ್ಯಾ?" ಎಂದ ಅರಿವಳಿಕೆ ಡಾಕ್ಟರ್ ಪ್ಲಾಮೆನ್. ಯಕೃತ್ತಿನ ಹಿಂದೆ ಹರಿದುಹೋಗಿದ್ದ ದೊಡ್ಡ ರಕ್ತನಾಳದ ಸುತ್ತ ಸರ್ಜನ್ ಕಾಲೆವಾ ಒತ್ತಿ ತುರುಕಿದ್ದ ಬಟ್ಟೆಗಳು ಕೆಂಪಾಗುವುದು ನಿಂತಿತ್ತು. ಹೊಟ್ಟೆಯನ್ನು ಹಾಗೆಯೇ ಮುಚ್ಚಿ, ಒಂದೆರಡು ದಿನ ಬಿಟ್ಟು ತೆರೆಯಬೇಕು. ಅದು ಅವಳಿಗೂ ಗೊತ್ತಿತ್ತು. ಆದರೆ ಗಾಯವನ್ನು ಕಣ್ಣಾರೆ ನೋಡದೆ ಬಿಡಲು ಅವಳ ಕೈ ಒಪ್ಪಲಿಲ್ಲ. "ಒಂದೇ ಒಂದು ಹೊಲಿಗೆ ಹಾಕ್ಬಿಡ್ತೀನಿ" ಎಂದು ಬಟ್ಟೆಯ ಅಂಚು ಎತ್ತಿದಳು. ರಕ್ತ ಉಕ್ಕಿ ಬಂತು. ಮತ್ತೆ ಎಷ್ಟು ತುರುಕಿದರೂ ನಿಲ್ಲಲಿಲ್ಲ.

ಟ್ರ್ಯಾಕ್ಟರ್ ಮಗುಚಿ ಅದರಡಿ ಸಿಕ್ಕಿದ್ದ ವೆಸೆಲಿನ್‌ನ ತಾಯಿ ನೆದ್ಯಾಲ್ಕಾ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಡಾಕ್ಟರಿಗೆ ಕೊಡಲೆಂದು ಗೇಟಿನ ಬಳಿ ಕೊಂಡ ಐದು ಕಾರ್ನೇಷನ್ ಹೂವು ಮಡಿಲಲ್ಲಿದ್ದವು. ನಮ್ಮ ಬಲ್ಗೇರಿಯಾದಲ್ಲಿ ಬದುಕಿರುವವರಿಗೆ ಬೆಸ ಸಂಖ್ಯೆಯ ಹೂವನ್ನೇ ಕೊಡುವುದು. ಸಮಸಂಖ್ಯೆ ಸತ್ತವರಿಗೆ.

ಕಾಲೆವಾಳನ್ನು ಕಂಡದ್ದೇ ಮುದುಕಿ ಎದ್ದಳು. "ರಕ್ತ ನಿಂತಿದೆ ಅಂತ ನರ್ಸಮ್ಮ ಆಗ್ಲೇ ಬಂದು ಹೇಳಿದ್ಲು. ನಿನ್ನ ಕೈಗುಣ ದೊಡ್ಡದು ಮಗಳೇ!"

"ನಿಂತಿತ್ತಮ್ಮ," ಎಂದಳು ಕಾಲೆವಾ. "ನಾನೇ ಬಟ್ಟೆ ಎತ್ತಿ ನೋಡ್ದೆ. ಆಮೇಲೆ ನಿಲ್ಲಲೇ ಇಲ್ಲ."

ನೆದ್ಯಾಲ್ಕಾ ಕಾಲೆವಾಳ ಕೈಗಳನ್ನೇ ನೋಡಿದಳು. ಆಮೇಲೆ ಗೊಂಚಲಿನಿಂದ ಒಂದು ಹೂವನ್ನು ಎಳೆದು ಅವುಗಳ ಮೇಲಿಟ್ಟು, ಉಳಿದ ನಾಲ್ಕನ್ನು ಎದೆಗವಚಿಕೊಂಡಳು.